ಹಾಲಿನ ಸೈಕಲ್ಲಿಗೆ ಎಂಜಿನ್: ಎಷ್ಟು ಸಿ.ಸಿ. ಬೇಕು?



ದನದ ಡಾಕ್ಟರಿಗೆ ಎಂಜಿನ್ನಿನ ಗೊಡವೆ ಏಕೆಂದು ಕೆಲವರು ನಗಬಹುದು. ಆದರೆ ಸಂಘಗಳ ಭೇಟಿಗೆ ಹೋದಾಗ ಕೆಚ್ಚಲು ಬಾವಿನ ಬಗ್ಗೆ ಎಷ್ಟು ಜನ ಕೇಳುತ್ತಾರೋ, ಸೈಕಲ್ಲಿಗೆ ಎಂಜಿನ್ ಕೂರಿಸುವ ಬಗ್ಗೆಯೂ ಅಷ್ಟೇ ಜನ ಕೇಳುತ್ತಿದ್ದಾರೆ. ತೋಟದ ಮನೆಯಿಂದ ಸಂಘಕ್ಕೆ ಐದಾರು ಕಿಲೋಮೀಟರ್ ಇರುವವರ ಕಷ್ಟ ನನಗೆ ಗೊತ್ತು. ಕೆಚ್ಚಲಿನಿಂದ ಬರುವ ಹಾಲು ಸುಮಾರು 38 ಡಿಗ್ರಿ ಸೆಂಟಿಗ್ರೇಡ್ ಬೆಚ್ಚಗಿರುತ್ತದೆ. ಬೇಸಿಗೆಯ ಸಂಜೆ ಅದು ಕ್ಯಾನಿನಲ್ಲೇ ಎರಡು ಗಂಟೆ ಕಳೆದು ಶೀತಲೀಕರಣ ಘಟಕ ಸೇರಿದರೆ ಗುಣಮಟ್ಟ ಕುಸಿದಿರುತ್ತದೆ. ಪಾತ್ರೆಯೂ ಶುಚಿಯಿಲ್ಲದಿದ್ದರೆ ಕಾಯಿಸುವ ಪರೀಕ್ಷೆಯಲ್ಲೇ ಒಡೆದು ವಾಪಸ್ಸು ಬರಬಹುದು. ಹಾಗಾಗಿ ಇದು ನನ್ನ ಇಲಾಖೆಯ ವಿಷಯವೇ.

ಮೊದಲು ಲೆಕ್ಕ ಹಾಕೋಣ. ಸವಾರ 60 ಕೆ.ಜಿ., ಎಂಜಿನ್ ಸಹಿತ ಸೈಕಲ್ 30 ಕೆ.ಜಿ., 20 ಲೀಟರಿನ ಎರಡು ತುಂಬಿದ ಕ್ಯಾನು ಸುಮಾರು 50 ಕೆ.ಜಿ. ಒಟ್ಟು 140. ಹನ್ನೆರಡು ಅಡಿಗೆ ಒಂದು ಅಡಿ ಏರುವ ದಿಣ್ಣೆಯಲ್ಲಿ ಈ ಭಾರ ಹಿಂದಕ್ಕೆ ಎಳೆಯುವ ಬಲ 12 ಕೆ.ಜಿ.ಗೆ ತುಸು ಕಡಿಮೆ. ಮಣ್ಣು ರಸ್ತೆಯ ತಡೆ ಸೇರಿಸಿದರೆ 15 ಎನ್ನಿ. 75 ಕೆ.ಜಿ.ಯನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವುದೇ ಒಂದು ಹೆಚ್.ಪಿ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಆ ದಿಣ್ಣೆ ಹತ್ತಲು ಚಕ್ರಕ್ಕೆ ಸುಮಾರು 0.83 ಹೆಚ್.ಪಿ. ಬೇಕು, ಚೈನು, ಬೆಲ್ಟಿನಲ್ಲಿ ಸೋರುವುದನ್ನು ಸೇರಿಸಿದರೆ ಒಂದು ಹೆಚ್.ಪಿ. ಮನುಷ್ಯ ದಣಿಯದೆ ತುಳಿಯಬಲ್ಲದ್ದು ಹೆಚ್ಚೆಂದರೆ ಅದರ ಹತ್ತನೇ ಒಂದು ಭಾಗ. ದಿಣ್ಣೆ ಬಂದ ಕೂಡಲೇ ನಾವು ಇಳಿದು ತಳ್ಳುವುದು ಇದಕ್ಕೇ, ಮೈಗಳ್ಳತನಕ್ಕಲ್ಲ.

ಈಗ ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಚಕ್ರವಿದ್ದು ಎಂಜಿನ್ 25 ಸಿ.ಸಿ. ಮೀರದಿದ್ದರೆ ಅದು ಮೋಟಾರು ವಾಹನವಲ್ಲ. ಮೀರಿತೋ, ನೋಂದಣಿ, ವಿಮೆ, ಲೈಸೆನ್ಸು, ಹೆಲ್ಮೆಟ್ಟು ಎಲ್ಲವೂ ಬೇಕು. ಮಾರುಕಟ್ಟೆಯಲ್ಲಿ ಸೈಕಲ್ ಕಿಟ್ ಎಂದು ಸಿಗುವ ಟೂ-ಸ್ಟ್ರೋಕ್ ಎಂಜಿನ್ನುಗಳು ಸಾಮಾನ್ಯವಾಗಿ 48 ಸಿ.ಸಿ. ಅಥವಾ ಅದಕ್ಕೂ ದೊಡ್ಡವು. ಅಂಗಡಿಯವರು ಏನೇ ಹೇಳಲಿ, ಅವು ಈ ವಿನಾಯಿತಿಗೆ ಬರುವುದಿಲ್ಲ. ದಾರಿಯಲ್ಲಿ ಒಬ್ಬರಿಗೆ ಡಿಕ್ಕಿಯಾದರೆ ವಿಮೆಯಿಲ್ಲದ ವಾಹನದ ಪರಿಹಾರ ಕಟ್ಟಲು ಹಸುವನ್ನೇ ಮಾರಬೇಕಾಗುತ್ತದೆ.

ಹಾಗಾದರೆ 25 ಸಿ.ಸಿ.ಯಲ್ಲಿ ಆಗುತ್ತದೆಯೇ? ಕಳೆ ಕೊಚ್ಚುವ ಯಂತ್ರಗಳಲ್ಲಿ ಬರುವ ಫೋರ್-ಸ್ಟ್ರೋಕ್ ಎಂಜಿನ್ನನ್ನು ನೋಡಿ. ಹೋಂಡಾ ಜಿ.ಎಕ್ಸ್. 25 ತೂಕದಲ್ಲಿ ಮೂರು ಕೆ.ಜಿ.ಯ ಆಸುಪಾಸು, 7000 ಆರ್.ಪಿ.ಎಂ.ನಲ್ಲಿ ಒಂದು ಹೆಚ್.ಪಿ. ಕೊಡುತ್ತದೆ. ಅದೇ ಸಾಲಿನ ಜಿ.ಎಕ್ಸ್. 35 ಕೊಡುವುದು 1.3. ಎರಡನೆಯದು ದಿಣ್ಣೆಗೆ ಹಿತ, ಆದರೆ ಸುಮಾರು 36 ಸಿ.ಸಿ.; ಕಾಯ್ದೆಯ ಗೆರೆ ದಾಟುತ್ತದೆ. ಮೊದಲನೆಯದರಲ್ಲೇ ಕೆಲಸ ಆಗಬೇಕಾದರೆ ಗುಟ್ಟೆಲ್ಲ ಗೇರಿನ ಅನುಪಾತದಲ್ಲಿದೆ. ನಮ್ಮ 28 ಅಂಗುಲದ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಎಂಜಿನ್ 50 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ಬರುವಂತೆ ಹಲ್ಲುಚಕ್ರ ಹೊಂದಿಸಿದರೆ ಸಮತಟ್ಟಿನಲ್ಲಿ ಗಂಟೆಗೆ 18 ಕಿ.ಮೀ. ಸಿಗುತ್ತದೆ, ಪೆಡಲ್ ತುಳಿಯುತ್ತಾ 12ರ ವೇಗದಲ್ಲಿ ದಿಣ್ಣೆಯೂ ಹತ್ತುತ್ತದೆ. ಹುಡುಗರು ಹೆಚ್ಚು ವೇಗದ ಆಸೆಗೆ ಇದನ್ನು 25ಕ್ಕೆ ಇಳಿಸುತ್ತಾರೆ. ಆಗ ದಿಣ್ಣೆಯಲ್ಲಿ ಎಂಜಿನ್ನಿನ ಸುತ್ತು ಇಳಿದು ಕ್ಲಚ್ಚು ಜಾರಿ ಜಾರಿ ಸುಡುತ್ತದೆ, ದೂರು ಮಾತ್ರ ಎಂಜಿನ್ನಿನ ಮೇಲೆ.

ಟೂ-ಸ್ಟ್ರೋಕೋ ಫೋರ್-ಸ್ಟ್ರೋಕೋ ಎಂದರೆ ನಾನು ಫೋರ್-ಸ್ಟ್ರೋಕ್ ಎನ್ನುತ್ತೇನೆ. ಟೂ-ಸ್ಟ್ರೋಕಿಗೆ ಪ್ರತಿ ಲೀಟರ್ ಪೆಟ್ರೋಲಿಗೆ 20ರಿಂದ 40 ಮಿ.ಲೀ. ಎಣ್ಣೆ ಬೆರೆಸಬೇಕು, ಹೊಗೆ ಹೆಚ್ಚು. ಹಾಲಿನ ಕೊಬ್ಬು ಹೊಗೆಯ ವಾಸನೆಯನ್ನು ಬೇಗ ಹೀರುತ್ತದೆ. ಆದರೆ ಚಿಕ್ಕ ಫೋರ್-ಸ್ಟ್ರೋಕಿಗೂ ಒಂದು ಎಚ್ಚರಿಕೆ: ಅದರ ಹೊಟ್ಟೆಯಲ್ಲಿರುವ ಆಯಿಲ್ ಕೇವಲ 80 ಮಿ.ಲೀ. ಒಂದು ಸಣ್ಣ ಲೋಟ! ವಾರ ವಾರ ನೋಡದಿದ್ದರೆ ಪಿಸ್ಟನ್ ಹಿಡಿದು ಕೂರುತ್ತದೆ.

ಬ್ರೇಕಿನ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹಿಂದೊಮ್ಮೆ ಮಳೆಗಾಲದ ಬೆಳಿಗ್ಗೆ ಸಂಘದ ಮುಂದಿನ ಇಳಿಜಾರಿನಲ್ಲಿ ಹುಡುಗನೊಬ್ಬ ಎರಡು ಕ್ಯಾನು ಸಮೇತ ಮೋರಿಗೆ ಬಿದ್ದದ್ದನ್ನು ನಾನೇ ನೋಡಿದೆ. ಎಂಜಿನ್ ಹೊಸದು, ಬ್ರೇಕು ಮಾತ್ರ ಹಳೆಯ ಕಂಬಿ ಬ್ರೇಕೇ, ರಬ್ಬರು ನೆನೆದಿತ್ತು. ಮುಂಗೈ ಮುರಿದು ಆರು ವಾರ ಅವನು ಹಾಲು ಕರೆಯಲಿಲ್ಲ; ತಾಯಿಯೊಬ್ಬಳೇ ನಾಲ್ಕು ಹಸು ನೋಡಿಕೊಂಡಳು. ವೇಗ ಎರಡರಷ್ಟಾದರೆ ನಿಲ್ಲಿಸಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಎಂಜಿನ್ನಿಗೆ ಮುಂಚೆ ಎರಡೂ ಚಕ್ರಕ್ಕೆ ಡ್ರಮ್ ಅಥವಾ ಡಿಸ್ಕ್ ಬ್ರೇಕ್ ಹಾಕಿಸಿ. ಅದಕ್ಕೆ ಹಣ ಸಾಲದಿದ್ದರೆ ಎಂಜಿನ್ನೂ ಬೇಡ.

ಖರ್ಚಿನ ಲೆಕ್ಕವನ್ನೂ ನೋಡಿ. ಆರು ಕಿ.ಮೀ. ದೂರ, ಎರಡು ಹೊತ್ತು ಹೋಗಿ ಬಂದರೆ ದಿನಕ್ಕೆ 24 ಕಿ.ಮೀ. ಲೀಟರಿಗೆ 40 ಕಿ.ಮೀ. ಬಂದರೂ 600 ಮಿ.ಲೀ. ಪೆಟ್ರೋಲು. 2021ರಲ್ಲಿ ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿತು. ನೂರರಂತೆಯೇ ಹಿಡಿದರೂ ದಿನಕ್ಕೆ ಅರವತ್ತು ರೂಪಾಯಿ. ದಿನಕ್ಕೆ ಎಂಟು ಲೀಟರ್ ಹಾಕುವವರಿಗೆ ಇದು ನಷ್ಟದ ಬಾಬ್ತು. ಅಂಥವರು ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಸೇರಿ ಒಬ್ಬರ ಗಾಡಿಯಲ್ಲಿ ಕಳುಹಿಸುವುದು ಲೇಸು. ಹಾಗೆ ಸೇರಿದಾಗ ನಾಲ್ಕೈದು ಕ್ಯಾನಾಗುವುದಾದರೆ ಸೈಕಲ್ಲಿನ ಯೋಚನೆ ಬಿಟ್ಟು 99.7 ಸಿ.ಸಿ.ಯ ಫೋರ್-ಸ್ಟ್ರೋಕ್ ಟಿ.ವಿ.ಎಸ್. ಎಕ್ಸ್.ಎಲ್. 100 ಮೊಪೆಡ್ಡನ್ನೇ, ಸೆಕೆಂಡ್ ಹ್ಯಾಂಡ್ ಆದರೂ ಕಾಗದಪತ್ರ ಸರಿಯಿರುವುದನ್ನು ನೋಡಿ ಕೊಳ್ಳಿ, ಎರಡು ಸರದಿಯಲ್ಲಿ ಸಾಗಿಸಿ.

ಕ್ಯಾನನ್ನು ಅರ್ಧ ತುಂಬಿಸಿ ಒಯ್ಯಬೇಡಿ. ಕುಲುಕಾಟಕ್ಕೆ ಬೆಣ್ಣೆ ಗಂಟುಕಟ್ಟಿ ಮೇಲೆ ತೇಲುತ್ತದೆ, ಫ್ಯಾಟ್ ತಪ್ಪು ಬರುತ್ತದೆ, ಹಾಲಿಗೆ ಕಮಟು ವಾಸನೆಯೂ ಹಿಡಿಯಬಹುದು. ಕ್ಯಾನಿನ ಕೆಳಗೆ ಹಳೆಯ ಟ್ಯೂಬಿನ ತುಂಡು ಹಾಸಿ, ಸೈಲೆನ್ಸರಿನ ಬಾಯಿ ಕ್ಯಾನಿನ ಕಡೆ ತಿರುಗದಂತೆ ಕೂರಿಸಿ. ಪೆಟ್ರೋಲು ಅಳೆಯಲು ಹಾಲಿನ ಅಳತೆ ಮುಟ್ಟಬೇಡಿ. ಎಂಜಿನ್ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಕೆಚ್ಚಲಿಗೆ ಇಡಬೇಡಿ.