ಏರಿನಲ್ಲಿ ಸೊರಗುವ ಲಾರಿ

ಬಯಲಿನಲ್ಲಿ ಸರಾಗವಾಗಿ ಓಡುವ ಹಳೆಯ ಡೀಸೆಲ್ ಲಾರಿ ಘಾಟಿಯ ಏರಿನಲ್ಲಿ ತಡವರಿಸುವುದೇಕೆ? ‘ವಯಸ್ಸಾಯಿತು’ ಎಂದು ಎಂಜಿನ್ನನ್ನೇ ಬಿಚ್ಚಿಸಿ ಹಣ ಕಳೆದುಕೊಳ್ಳುವ ಮಾಲೀಕರುಂಟು. 15 ಟನ್ ತೂಕದ ಲಾರಿ 15ಕ್ಕೆ 1ರ ಏರನ್ನು ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಹತ್ತುವಾಗ ಭಾರವನ್ನೆತ್ತುವುದಕ್ಕೇ 49 ಕಿಲೋವಾಟ್, ಎಂದರೆ ಸುಮಾರು 66 ಅಶ್ವಶಕ್ತಿ ಬೇಕು. ಬಯಲಿನಲ್ಲಿ ಇಷ್ಟು ಬೇಡ. ಆದುದರಿಂದ ಅರ್ಧ ಕಟ್ಟಿಕೊಂಡ ಫಿಲ್ಟರೂ ಅಲ್ಲಿ ಸಾಕಾಗುತ್ತದೆ.

ಏರಿನಲ್ಲಿ ಕೊರತೆ ಗಾಳಿಯದೋ ಎಣ್ಣೆಯದೋ ಎಂಬುದನ್ನು ಬಹುಮಟ್ಟಿಗೆ ಹೊಗೆಯೇ ಹೇಳುತ್ತದೆ. 1 ಕಿಲೋಗ್ರಾಂ ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು 14.5 ಕಿಲೋಗ್ರಾಂ ಗಾಳಿ ಬೇಕು. ಗಾಳಿ ಸಾಲದಿದ್ದರೆ ಉರಿಯದುಳಿದ ಇಂಗಾಲ ಕಪ್ಪು ಹೊಗೆಯಾಗಿ ಹೊರಬೀಳುವುದು. ಇಂಜೆಕ್ಟರು ಎಣ್ಣೆಯನ್ನು ನುಣ್ಣಗೆ ಸಿಂಪಡಿಸದಿದ್ದರೂ ಹೀಗೆಯೇ.

ಹೊಗೆಯಿಲ್ಲದೆ ಬಲ ಕುಗ್ಗಿದರೆ ಎಣ್ಣೆಯ ಫಿಲ್ಟರನ್ನು ನೋಡಬೇಕು. ಅದೂ ಶುದ್ಧವಾಗಿದ್ದರೆ, ಟ್ಯಾಂಕಿನಿಂದ ಪಂಪಿಗೆ ಬರುವ ಕೊಳವೆಯನ್ನು. ಪಂಪು ಹೀರುವಾಗ ಅಲ್ಲಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ. ಸಡಿಲವಾದ ಸಂದಿಯಲ್ಲಿ ಎಣ್ಣೆ ಸೋರದೆ ಗಾಳಿಯೇ ಒಳಸೇರುವುದು. ಕಳ್ಳನ ಗುರುತೂ ಸಿಕ್ಕದು! ಅದುಮಿದರೆ ಎಣ್ಣೆ ಕುಗ್ಗದು, ಗಾಳಿ ಕುಗ್ಗುತ್ತದೆ. ಗುಳ್ಳೆಯೊಂದು ಪಂಪಿನ ಒತ್ತನ್ನು ನುಂಗಿದರೆ ಆ ಸಲದ ಸಿಂಪಡಿಕೆ ತಪ್ಪಿತು. ತಡವರಿಕೆ ಅದೇ. ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ನೊರೆ ನಿಲ್ಲುವವರೆಗೆ ಕೈಪಂಪನ್ನು ಒತ್ತಿದರೆ ಗಾಳಿ ಹೊರಟುಹೋಗುತ್ತದೆ. ಮರುದಿನ ಮತ್ತೆ ನೊರೆ ಬಂದರೆ ಸಂದಿ ಇನ್ನೂ ಸಡಿಲವಾಗಿಯೇ ಇದೆ.