ಗಡ್ಡೆ ಹೋದ ಮೇಲೂ ಗುಳಿಗೆ ಯಾಕೆ?

ಹಳಿಯಾಳದ ತಂಗೀ, ಅವ್ವನ ಸ್ತನದ ಗಡ್ಡೆ ತೆಗೆದಾಯಿತು, ಇನ್ನು 5 ವರ್ಷ ಟಮಾಕ್ಸಿಫೆನ್ ಯಾಕೆ ಎಂದು ಕೇಳಿದ್ದೀರಿ. ಫೈಲಿನಿಂದ ಬಯಾಪ್ಸಿ ವರದಿ ತೆಗೆದು ನೋಡಿ; ‘ಇಆರ್ ಪಾಸಿಟಿವ್’ ಎಂದಿರಬೇಕು. ಅಂದರೆ ಆ ಕೋಶಗಳಿಗೆ ಈಸ್ಟ್ರೋಜನ್ನೇ ಮೇವು. ಎಲ್ಲೋ ಉಳಿದ ನಾಲ್ಕು ಕೋಶ ಸ್ಕ್ಯಾನಿಗೂ ಸಿಗುವುದಿಲ್ಲ. ಈಸ್ಟ್ರೋಜನ್ ಬಂದು ಕೂರುವ ಜಾಗದಲ್ಲಿ ಈ ಗುಳಿಗೆ ತಾನೇ ಕೂತುಬಿಡುತ್ತದೆ. 5 ವರ್ಷ ತಪ್ಪದೆ ನುಂಗಿದರೆ ಮರುಕಳಿಸುವ ಅಪಾಯ ಸುಮಾರು ಶೇ 40ರಷ್ಟು ತಗ್ಗುತ್ತದೆ.

ಮೈ ಕುದಿದು ರಾತ್ರಿ ಸೀರೆ ತೊಯ್ಯುವುದು ಗುಳಿಗೆಯದೇ ಕಾಟ. ಅದಕ್ಕೆ ಪರಿಹಾರವಿದೆ, ನೀವಾಗಿ ನಿಲ್ಲಿಸಬೇಡಿ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಮಾತ್ರ ತಡಮಾಡದೆ ಹುಬ್ಬಳ್ಳಿಯ ಬಸ್ಸು ಹತ್ತಿಸಿ, ಗರ್ಭಕೋಶ ತಪಾಸಿಸಬೇಕು. ಜೊಯಿಡಾದಿಂದ ತಂದ ಬೇರಿನ ಕಷಾಯದ ಸಂಗತಿಯನ್ನೂ ಡಾಕ್ಟರಿಗೆ ಮುಚ್ಚಿಡಬೇಡಿ. ಬೈಯುವುದಿಲ್ಲ.