ಓಡುತ್ತಿರುವ ಯಂತ್ರದ ಮೆಮೊರಿಯನ್ನು ಬಿಡಿಸುವ ಬಗೆ

ನಮ್ಮ ವಾಚನಾಲಯದ ಒಂದು ಕಪಾಟನ್ನು ದುರಸ್ತಿಗೆ ಕಳುಹಿಸಬೇಕಾಗಿದೆ. ಆದರೆ ಒಂದು ದಿನವೂ ಬಾಗಿಲು ಮುಚ್ಚಕೂಡದು ಎಂದು ಇಟ್ಟುಕೊಳ್ಳೋಣ. ಮೊದಲು ಆ ಕಪಾಟಿನಲ್ಲಿ ಹೊಸ ಪುಸ್ತಕ ಇಡುವುದನ್ನು ನಿಲ್ಲಿಸುತ್ತೇವೆ. ಅನಂತರ ಇದ್ದುದನ್ನು ಬೇರೆಡೆಗೆ ಸಾಗಿಸಿ, ಪಟ್ಟಿಯಲ್ಲಿ ಸ್ಥಳವನ್ನು ತಿದ್ದುತ್ತೇವೆ. ದೊಡ್ಡ ಸರ್ವರ್ ಯಂತ್ರವನ್ನು ನಿಲ್ಲಿಸದೆಯೇ ಅದರ ಮೆಮೊರಿಯ ಒಂದು ಭಾಗವನ್ನು ತೆಗೆಯುವಾಗ ಲಿನಕ್ಸ್ ಕರ್ನೆಲ್ ಮಾಡುವುದೂ ಹೆಚ್ಚು ಕಡಿಮೆ ಇದನ್ನೇ. ಕರ್ನೆಲ್ ಎಂದರೆ ಮೆಮೊರಿಯನ್ನು ಎಲ್ಲ ಪ್ರೋಗ್ರಾಂಗಳಿಗೂ ಹಂಚಿಕೊಡುವ ಮೂಲ ವ್ಯವಸ್ಥೆ.

ಈ ಹಂಚಿಕೆ ಪುಟಗಳ ಲೆಕ್ಕದಲ್ಲಿ ನಡೆಯುತ್ತದೆ. 64 ಬಿಟ್‌ನ ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಸಾಮಾನ್ಯ ಪುಟ 4 ಕಿಲೋಬೈಟ್. ಡೇಟಾಬೇಸಿನಂಥ ದೊಡ್ಡ ಕೆಲಸಗಳಿಗೆ 2 ಮೆಗಾಬೈಟಿನ ಹಿರಿಯ ಪುಟಗಳುಂಟು. ಒಂದೊಂದರಲ್ಲಿಯೂ 512 ಸಾಮಾನ್ಯ ಪುಟಗಳಷ್ಟು ಜಾಗ, ಎಡೆಬಿಡದೆ ಒಂದೇ ಸಾಲಿನಲ್ಲಿ. ಇದರಿಂದ ವಿಳಾಸ ಹುಡುಕುವ ಶ್ರಮ ತಗ್ಗುತ್ತದೆ. ಆದರೆ ಸಾಗಿಸುವಾಗ ಇದೇ ಗುಣ ತೊಡಕಾಗುತ್ತದೆ.

ಬಳಕೆಯಲ್ಲಿರುವ ಹಿರಿಯ ಪುಟಕ್ಕೆ ಅದೇ ಅಳತೆಯ ಬೇರೊಂದು ಪುಟ ದೊರೆಯಬೇಕು. ದೊರೆತರೆ ಕರ್ನೆಲ್ ಅದರೊಳಗಿನದನ್ನು ನಕಲು ಮಾಡಿ, ವಿಳಾಸದ ಪಟ್ಟಿಯನ್ನು ತಿದ್ದುತ್ತದೆ. ನಡುವೆ ಆ ಪುಟವನ್ನು ಮುಟ್ಟಿದ ಪ್ರೋಗ್ರಾಂ ಕ್ಷಣಕಾಲ ಕಾಯುತ್ತದೆ, ಅಷ್ಟೆ. ಮೀಸಲು ಸಂಗ್ರಹದ ಹಿರಿಯ ಪುಟಗಳಿಗೆ ಈ ಸೌಕರ್ಯ 2013ರ ಲಿನಕ್ಸ್ 3.12ರಲ್ಲಿ ಬಂತು. ಕರ್ನೆಲ್ ತಾನಾಗಿಯೇ ಕಟ್ಟಿಕೊಟ್ಟ ಹಿರಿಯ ಪುಟಗಳಾದರೆ ಕೆಲಸ ಸುಲಭ: ಇಡಿಯಾಗಿ ಸಾಗದಿದ್ದರೆ 512 ಚಿಕ್ಕ ಪುಟಗಳಾಗಿ ಒಡೆದು ಸಾಗಿಸಬಹುದು.

ಸಂಗ್ರಹದಲ್ಲಿ ಖಾಲಿ ಬಿದ್ದಿರುವ ಹಿರಿಯ ಪುಟಗಳನ್ನು ಸಾಗಿಸುವ ಅಗತ್ಯವಿಲ್ಲ. ಅವನ್ನು ಬಿಡಿಸಿ ಚಿಕ್ಕ ಪುಟಗಳನ್ನಾಗಿ ಮಾಡಿದರೆ ಸಾಕು. ಇಲ್ಲಿ ಓದುಗರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪುಟ ಖಾಲಿಯಿದ್ದರೂ, 'ಮುಂದೆ ಕೊಡುತ್ತೇನೆ' ಎಂದು ಕರ್ನೆಲ್ ಯಾವುದಾದರೂ ಪ್ರೋಗ್ರಾಂಗೆ ಮಾತು ಕೊಟ್ಟಿರಬಹುದು. ಉಳಿದ ಖಾಲಿ ಪುಟಗಳೆಲ್ಲವೂ ಹೀಗೆ ಮಾತಿಗೆ ಕಟ್ಟುಬಿದ್ದಿದ್ದರೆ, ಕರ್ನೆಲ್ ಅವನ್ನು ಬಿಡಿಸಲು ಒಪ್ಪುವುದಿಲ್ಲ. ಮೆಮೊರಿ ತೆಗೆಯುವ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಬೇರ್ಪಡಿಸಿದ್ದ ಭಾಗ ಮತ್ತೆ ಬಳಕೆಗೆ ಸೇರುತ್ತದೆ. ನಿರ್ವಾಹಕನ ಅಪೇಕ್ಷೆ ಕೈಗೂಡುವುದಿಲ್ಲ, ನಿಜ. ಆದರೆ ನಡೆಯುತ್ತಿರುವ ಯಾರ ಕೆಲಸವೂ ಕೆಡುವುದಿಲ್ಲ.

ಆದ್ದರಿಂದ ನಿರ್ವಾಹಕನು ಮುಂಚೆಯೇ ಮೂರು ವಿಷಯ ಯೋಚಿಸಬೇಕು. ಮೊದಲನೆಯದು, ಉಳಿಯುವ ಮೆಮೊರಿಯಲ್ಲಿ ಹಿರಿಯ ಪುಟಗಳಿಗೆ ಜಾಗವಿದೆಯೆ? ಎರಡನೆಯದು, 1 ಗಿಗಾಬೈಟಿನ ಮಹಾಪುಟಗಳು ಆ ಭಾಗದಲ್ಲಿವೆಯೆ? ಅಷ್ಟು ಉದ್ದದ ಖಾಲಿ ಸಾಲು, ಯಂತ್ರ ಬಹುಕಾಲ ಓಡಿದ ಮೇಲೆ ಸಿಗುವುದು ಕಷ್ಟ. ಮೂರನೆಯದು, ಕರ್ನೆಲಿನ ಸ್ವಂತ ಸಾಮಗ್ರಿ ಅಲ್ಲಿ ಸೇರಿಕೊಂಡಿದೆಯೆ? ಅದನ್ನು ಸಾಮಾನ್ಯವಾಗಿ ಕದಲಿಸಲಾಗದು. ಅದಕ್ಕೆಂದೇ ತೆಗೆಯಬೇಕಾದ ಮೆಮೊರಿಯನ್ನು ಮೊದಲಿನಿಂದಲೇ 'ಸಾಗಿಸಬಲ್ಲ ವಲಯ'ವೆಂದು ಬೇರೆಯಿಡುತ್ತಾರೆ.

ತುಂಬುವಾಗಲೇ ತೆರವಿನ ಯೋಚನೆ ಇರಬೇಕು. ಕಪಾಟಿಗೂ ಇದೇ ಮಾತು, ಕರ್ನೆಲಿಗೂ ಇದೇ ಮಾತು.